ಬಾನೆಟ್ ಮುಚ್ಚಬೇಕಲ್ಲ!

1963ರಲ್ಲಿ ಕ್ಯಾಲಿಫೋರ್ನಿಯಾದ ವಾಲ್ಟರ್ ಮೆಕೆಂಜಿ ಅನ್ನೋ ಸರ್ವೀಸ್ ಮ್ಯಾನೇಜರ್ ಒಬ್ಬ ಮರದ ಅಳತೆಕೋಲು ಹಿಡಿದುಕೊಂಡು ಊರಿನ ಕಾರು ಶೋರೂಮುಗಳನ್ನು ಸುತ್ತಿದ. ಕಾರು ಕೊಳ್ಳೋದು ಅವನಿಗೆ ಬೇಕಿರಲಿಲ್ಲ. ಬಾನೆಟ್ ಎತ್ತಿಸೋದು, ಇಂಜಿನ್ನಿನ ಉದ್ದ, ಅಗಲ, ಎತ್ತರ ಅಳೆದು ಬರೆದುಕೊಳ್ಳೋದು, ಮುಂದಿನ ಶೋರೂಮಿಗೆ ಹೋಗೋದು. ಅವನನ್ನು ಕಳಿಸಿದ್ದು ಬ್ರಿಟನ್ನಿನ ರೂಟ್ಸ್ ಕಂಪನಿಗೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕಾರು ಮಾರಿಕೊಡುತ್ತಿದ್ದ ಇಯಾನ್ ಗ್ಯಾರಡ್.

ಗ್ಯಾರಡ್‌ನ ತಲೆನೋವು ಸರಳವಾದದ್ದು. ರೂಟ್ಸ್‌ನವರ ಸನ್‌ಬೀಮ್ ಆಲ್ಪೈನ್ ನೋಡೋಕೆ ಚಂದದ, ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಓಟದಲ್ಲಿ ಮಾತ್ರ ಅಷ್ಟಕ್ಕಷ್ಟೆ. ಅಮೆರಿಕದವರಿಗೆ ನಾಲ್ಕು ಸಿಲಿಂಡರಿನ ನಾಜೂಕು ಸಾಲದು, ಅವರು ಬೆಳೆದದ್ದೇ ವಿ8ರ ಗುಡುಗು ಕೇಳಿಕೊಂಡು. ಹಾಗಾದರೆ ಈ ಪುಟ್ಟ ಕಾರಿನ ಹೊಟ್ಟೆಯೊಳಗೆ ಯಾವ ವಿ8 ಹಿಡಿಸುತ್ತೆ? ಲೆಕ್ಕಾಚಾರದ ದೊಡ್ಡ ವಿಭಾಗವಾಗಲಿ, ನಕ್ಷೆಗಳಾಗಲಿ ಗ್ಯಾರಡ್ ಬಳಿ ಇರಲಿಲ್ಲ. ಇದ್ದದ್ದು ಮೆಕೆಂಜಿ ಮತ್ತು ಅವನ ಕೋಲು. ಅವನು ತಂದ ಅಳತೆಗಳಲ್ಲಿ ಹೊಂದಿದ್ದು ಫೋರ್ಡಿನ 260 ಘನ ಇಂಚಿನ, ಅಂದರೆ ಸುಮಾರು 4.2 ಲೀಟರಿನ ವಿ8. ಆಲ್ಪೈನ್‌ನ ಮೂಲ ಇಂಜಿನ್ನಿಗಿಂತ ಅದು ಬರೀ ಮೂರೂವರೆ ಇಂಚು ಉದ್ದ.

ಗ್ಯಾರಡ್ ಮೊದಲು ಕ್ಯಾರಲ್ ಶೆಲ್ಬಿಯನ್ನು ಕೇಳಿದ. ಶೆಲ್ಬಿ ಆಗಷ್ಟೇ, 1962ರಲ್ಲಿ, ಬ್ರಿಟನ್ನಿನ ಎಸಿ ಏಸ್ ಎಂಬ ಹಗುರ ಕಾರಿಗೆ ಇದೇ ಫೋರ್ಡ್ ವಿ8 ಕೂರಿಸಿ ಕೋಬ್ರಾ ಮಾಡಿ ಹೆಸರಾಗಿದ್ದವನು. ಎಂಟು ವಾರ, ಹತ್ತು ಸಾವಿರ ಡಾಲರ್ ಅಂದ. ಗ್ಯಾರಡ್ ಒಪ್ಪಿದ, ಆದರೆ ಕಾಯುವ ತಾಳ್ಮೆ ಇರಲಿಲ್ಲ. ಕೆನ್ ಮೈಲ್ಸ್‌ಗೆ ಒಂದು ಹಳೇ ಆಲ್ಪೈನ್, ಒಂದು ಫೋರ್ಡ್ ಇಂಜಿನ್ ಮತ್ತು 800 ಡಾಲರ್ ಕೊಟ್ಟು 'ಹೇಗಾದರೂ ಮಾಡಿ ಓಡಿಸಿ ತೋರಿಸು' ಅಂದ. 'ಫೋರ್ಡ್ ವರ್ಸಸ್ ಫೆರಾರಿ' ಸಿನಿಮಾ ನೋಡಿದವರಿಗೆ ಗೊತ್ತು, ಅದೇ ಕೆನ್ ಮೈಲ್ಸ್. ಸುಮಾರು ಒಂದು ವಾರದಲ್ಲಿ ಕಾರು ಓಡಿತು. ಶೆಲ್ಬಿಯ ಕಾರು ನಿಧಾನವಾಗಿ ಬಂತು, ಅಚ್ಚುಕಟ್ಟಾಗಿ ಬಂತು. ಹಳೇ ಸ್ಟೀರಿಂಗ್ ಪೆಟ್ಟಿಗೆ ವಿ8ಗೆ ಅಡ್ಡ ಬರುತ್ತಿತ್ತು. ಅದನ್ನು ಕಿತ್ತು ರ‍್ಯಾಕ್ ಅಂಡ್ ಪಿನಿಯನ್ ಹಾಕಲಾಗಿತ್ತು. ಮುಂದೆ ಕಾರ್ಖಾನೆಯಲ್ಲಿ ತಯಾರಾದದ್ದು ಈ ಎರಡನೇ ದಾರಿಯಲ್ಲೇ.

ಹೀಗೆ 1964ರಲ್ಲಿ ಸನ್‌ಬೀಮ್ ಟೈಗರ್ ಹುಟ್ಟಿತು. ವೆಸ್ಟ್ ಬ್ರಾಮ್‌ವಿಚ್‌ನ ಜೆನ್ಸನ್ ಕಾರ್ಖಾನೆಯಲ್ಲಿ ಇದನ್ನು ಜೋಡಿಸುತ್ತಿದ್ದರು. ಬಣ್ಣ ಬಳಿದು ಥಳಥಳ ಅನ್ನುತ್ತಿದ್ದ ಹೊಸ ಬಾಡಿ ಬಂದು ನಿಂತ ಮೇಲೆ ಒಬ್ಬ ಕೆಲಸಗಾರ ದೊಡ್ಡ ಸುತ್ತಿಗೆ ತಗೊಂಡು ಇಂಜಿನ್ ಹಿಂದಿನ ಗೋಡೆಯ ಅಂಚನ್ನು ಬಡಿದು ಚಪ್ಪಟೆ ಮಾಡಬೇಕಿತ್ತು, ಇಲ್ಲದಿದ್ದರೆ ಇಂಜಿನ್ ಇಳಿಯುತ್ತಿರಲಿಲ್ಲ. ಹಿಂದಿನ ಒಂದು ಸ್ಪಾರ್ಕ್ ಪ್ಲಗ್ಗಿಗೆ ಬಾನೆಟ್ ಕಡೆಯಿಂದ ಕೈಯೇ ಹೋಗದು. ಅದಕ್ಕೇಂತ ಗೋಡೆಯಲ್ಲಿ ಒಂದು ತೂತು, ಅದಕ್ಕೊಂದು ರಬ್ಬರ್ ಬಿರಡೆ. ಕಾರಿನೊಳಗೆ ಬಗ್ಗಿ ಕೂತು, ಬಿರಡೆ ತೆಗೆದು, ಪ್ಲಗ್ ಬಿಚ್ಚಬೇಕು. ನಂಗೆ ಈ ವಿವರ ತುಂಬ ಇಷ್ಟ. ಕಂಪನಿಯ ಕಾರು ಅಂದರೂ ಮನೆಯ ಗ್ಯಾರೇಜಿನಲ್ಲಿ ಮಾಡಿದ ಕೆಲಸದ ವಾಸನೆ ಅದಕ್ಕೆ ಕೊನೇವರೆಗೂ ಹೋಗಲಿಲ್ಲ.

ಟೈಗರ್ ಸತ್ತದ್ದೂ ಅಳತೆಯಿಂದಲೇ. 1967ರ ಹೊತ್ತಿಗೆ ರೂಟ್ಸ್ ಕಂಪನಿ ಕ್ರೈಸ್ಲರ್ ಕೈಗೆ ಹೋಯಿತು. ತಮ್ಮ ಕಾರಿನಲ್ಲಿ ಪ್ರತಿಸ್ಪರ್ಧಿ ಫೋರ್ಡಿನ ಇಂಜಿನ್ ಇರೋದು ಕ್ರೈಸ್ಲರ್‌ನವರಿಗೆ ಹೇಗೆ ಸಹಿಸೀತು? ತಮ್ಮದೇ ವಿ8 ಹಾಕೋಣ ಅಂತ ನೋಡಿದರು. ಫೋರ್ಡ್ ಇಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಮುಂದುಗಡೆ, ಕ್ರೈಸ್ಲರ್‌ನದರಲ್ಲಿ ಹಿಂದುಗಡೆ, ಸರಿಯಾಗಿ ಆ ಗೋಡೆ ಇರುವಲ್ಲಿ. ಸುತ್ತಿಗೆಯಿಂದ ಸರಿಹೋಗುವ ಕೆಲಸವಲ್ಲ ಅದು. ಏಳು ಸಾವಿರ ಚಿಲ್ಲರೆ ಕಾರುಗಳಾದ ಮೇಲೆ ಟೈಗರ್ ನಿಂತೇಹೋಯಿತು.

ಇಂಜಿನ್ ಬದಲಾಯಿಸೋದು ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಸರಪಳಿಯಲ್ಲಿ ನೇತಾಡುವ ಇಂಜಿನ್, ಮೈಯೆಲ್ಲ ಗ್ರೀಸು, ಮೊದಲ ಸಲ ಸ್ಟಾರ್ಟ್ ಮಾಡಿದಾಗಿನ ಕೂಗಾಟ. ಯೂಟ್ಯೂಬ್ ತೋರಿಸೋದೂ ಅದನ್ನೇ. ಆದರೆ ಈ ಹಳೇ ಕಥೆಗಳನ್ನು ಓದಿದಷ್ಟೂ ನಂಗೆ ಅನ್ನಿಸೋದು, ಕೆಲಸದ ಹಣೆಬರಹ ನಿರ್ಧಾರ ಆಗಿಬಿಡೋದು ಮೊದಲ ಬೋಲ್ಟ್ ಬಿಚ್ಚುವ ಮುಂಚೆ, ಅಳತೆಕೋಲು ಹಿಡಿದಾಗ. ಇದಕ್ಕೆ ಎಂಜಿಬಿ ಕಾರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಎಂಜಿಬಿ ಬಂದದ್ದು 1962ರಲ್ಲಿ, ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಿಂದ. 1798 ಸಿಸಿಯ ನಾಲ್ಕು ಸಿಲಿಂಡರ್, ಸುಮಾರು 95 ಹಾರ್ಸ್‌ಪವರ್. ಆ ಇಂಜಿನ್ ನಮಗೆ ತೀರಾ ಅಪರಿಚಿತವೇನಲ್ಲ. ಬಿಎಂಸಿಯ 'ಬಿ ಸೀರೀಸ್' ಕುಟುಂಬದ್ದು, ನಮ್ಮ ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ನಿನ ದೊಡ್ಡಣ್ಣ. ಅಜ್ಜನ ಅಂಬಾಸಡರ್ ಬಾನೆಟ್ ಎತ್ತಿ ನೋಡಿದವರು ಎಂಜಿಬಿ ಬಾನೆಟ್ ಎತ್ತಿದರೆ ನೆಂಟರ ಮನೆಗೆ ಬಂದ ಹಾಗೆ ಅನ್ನಿಸುತ್ತೆ: ಅದೇ ಎರಕದ ಕಬ್ಬಿಣದ ಗಟ್ಟಿ ಬ್ಲಾಕು, ಅದೇ ಮೈಕಟ್ಟು. ಗಟ್ಟಿ, ರಿಪೇರಿ ಸುಲಭ, ತೂಕ ಜಾಸ್ತಿ. ಈ ತೂಕದ ವಿಷಯ ನೆನಪಿಟ್ಟುಕೊಳ್ಳಿ.

ಜನ ಇನ್ನಷ್ಟು ಶಕ್ತಿ ಕೇಳಿದರು. 1967ರಲ್ಲಿ ಕಂಪನಿ ಉತ್ತರ ಕೊಟ್ಟಿತು: ಎಂಜಿಸಿ. ಅದೇ ಬಾಡಿಗೆ 2912 ಸಿಸಿಯ, ಆರು ಸಿಲಿಂಡರಿನ, 145 ಹಾರ್ಸ್‌ಪವರ್‌ನ ಕಬ್ಬಿಣದ ಇಂಜಿನ್. ಕಾಗದದ ಮೇಲೆ ಎಲ್ಲ ಸರಿ. ಆದರೆ ಈ ಇಂಜಿನ್ ಹಳೆಯದಕ್ಕಿಂತ ಸುಮಾರು 95 ಕೆಜಿ ಹೆಚ್ಚು ತೂಗುತ್ತಿತ್ತು, ಅಂದರೆ ಒಬ್ಬ ದಪ್ಪ ಮನುಷ್ಯನನ್ನು ಯಾವಾಗಲೂ ಬಾನೆಟ್ ಮೇಲೆ ಕೂರಿಸಿಕೊಂಡು ಓಡಾಡಿದ ಹಾಗೆ. ಜಾಗ ಸಾಲದೆ ಮುಂದಿನ ಸಸ್ಪೆನ್ಷನ್ ಪೂರ್ತಿ ಬದಲಾಯಿಸಿದರು, ಎತ್ತರ ಸಾಲದೆ ಬಾನೆಟ್ಟಿಗೆ ಉಬ್ಬು ಕೊಟ್ಟರು. ತಿರುವಿನಲ್ಲಿ ಕಾರು ಮೂಗು ತಿರುಗಿಸೋಕೆ ಒಪ್ಪಲ್ಲ ಅಂತ ಪತ್ರಿಕೆಗಳು ಹೀಗಳೆದವು. ಸುಮಾರು 9,000 ಕಾರು ಮಾಡಿ 1969ರಲ್ಲಿ ಕೈಬಿಟ್ಟರು. ಇಷ್ಟು ದೊಡ್ಡ ಕಂಪನಿ, ಎಷ್ಟೊಂದು ಇಂಜಿನಿಯರುಗಳು, ಇಂಚುಗಳನ್ನು ಹೇಗೋ ಹೊಂದಿಸಿದರು, ಕೆಜಿಗಳು ಹೊಂದಲಿಲ್ಲ.

ಸರಿಯಾದ ಇಂಜಿನ್ ಆ ಹೊತ್ತಿಗಾಗಲೇ ಬ್ರಿಟನ್ನಿನಲ್ಲೇ ಇತ್ತು ಅನ್ನೋದು ಈ ಕಥೆಯ ಮಜಾ. ಅದು ಬಂದದ್ದೂ ಸುತ್ತುಬಳಸಿ. ಅಮೆರಿಕದ ಬ್ಯೂಯಿಕ್ 1961ರಲ್ಲಿ 215 ಘನ ಇಂಚಿನ, ಪೂರ್ತಿ ಅಲ್ಯೂಮಿನಿಯಂ ವಿ8 ಒಂದನ್ನು ಹೊರತಂದು ಎರಡು ಮೂರು ವರ್ಷದಲ್ಲೇ ಅದನ್ನು ಕೈಬಿಟ್ಟಿತ್ತು. ಆಮೇಲೆ ಬ್ರಿಟನ್ನಿನ ರೋವರ್ ಕಂಪನಿಯ ಮುಖ್ಯಸ್ಥ ವಿಲಿಯಂ ಮಾರ್ಟಿನ್-ಹರ್ಸ್ಟ್ ಬೇರೆ ವ್ಯವಹಾರಕ್ಕೆಂದು ಅಮೆರಿಕದ ಮರ್ಕ್ಯುರಿ ಮರೀನ್ ಎಂಬ ದೋಣಿ ಇಂಜಿನ್ ಕಂಪನಿಗೆ ಹೋಗಿದ್ದಾಗ, ಅಲ್ಲಿನ ವರ್ಕ್‌ಶಾಪಿನ ನೆಲದ ಮೇಲೆ ಈ ಇಂಜಿನ್ ಕಂಡ. ಗಾತ್ರ ನೋಡಿದ, ತೂಕ ಕೇಳಿದ, ಬಿಡಲಿಲ್ಲ. 1965ರಲ್ಲಿ ಹಕ್ಕು ಕೊಂಡುಕೊಂಡರು. 1967ರಿಂದ ರೋವರ್ ಕಾರುಗಳಲ್ಲಿ, 1970ರಿಂದ ರೇಂಜ್ ರೋವರ್‌ನಲ್ಲಿ ಅದೇ 3528 ಸಿಸಿಯ ಇಂಜಿನ್. ಎಂಟು ಸಿಲಿಂಡರ್ ಇದ್ದರೂ ಅಲ್ಯೂಮಿನಿಯಂ ಆದ್ದರಿಂದ ತೂಕ ಎಂಜಿಬಿಯ ನಾಲ್ಕು ಸಿಲಿಂಡರಿನ ಕಬ್ಬಿಣದಷ್ಟೇ, ಹೆಚ್ಚುಕಡಿಮೆ.

ಇದನ್ನು ಮೊದಲು ಎಂಜಿಬಿಗೆ ಕೂರಿಸಿ ಮಾರಿದ್ದು ಕಂಪನಿಯಲ್ಲ. ಕೆನ್ ಕಾಸ್ಟೆಲೊ ಅಂತ ಒಬ್ಬ, ಮಿನಿ ಕಾರು ರೇಸ್ ಮಾಡುತ್ತಿದ್ದವನು, ಕೆಂಟ್‌ನ ಫಾರ್ನ್‌ಬರೋದಲ್ಲಿ ಪುಟ್ಟ ವರ್ಕ್‌ಶಾಪ್ ಇಟ್ಟುಕೊಂಡಿದ್ದ. 1970ರ ಸುಮಾರಿಗೆ ರೋವರ್ ವಿ8 ಹಾಕಿದ ಎಂಜಿಬಿಗಳನ್ನು ಗಿರಾಕಿಗಳಿಗೆ ಮಾಡಿಕೊಡೋಕೆ ಶುರುಮಾಡಿದ. ಇಂಜಿನ್ ಇಳಿಯಿತು, ಆದರೆ ವಿ8ರ ನೆತ್ತಿ ಮೇಲೆ ಕೂತ ಎರಡು ಎಸ್‌ಯು ಕಾರ್ಬ್ಯುರೇಟರುಗಳು ಬಾನೆಟ್ಟಿಗೆ ತಗಲುತ್ತಿದ್ದವು. ಕಾಸ್ಟೆಲೊ ತಲೆ ಕೆಡಿಸಿಕೊಳ್ಳದೆ ಉಬ್ಬಿರುವ ಫೈಬರ್‌ಗ್ಲಾಸ್ ಬಾನೆಟ್ ಹಾಕಿದ. ಇವತ್ತಿಗೂ ಕಾಸ್ಟೆಲೊ ಕಾರನ್ನು ಗುರುತಿಸೋದು ಆ ಉಬ್ಬಿನಿಂದಲೇ.

ಸುದ್ದಿ ಕಂಪನಿಗೂ ಮುಟ್ಟಿತು. ಎಂಜಿ ಮತ್ತು ರೋವರ್ ಎರಡೂ ಆಗ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ಸೂರಿನಡಿ ಇದ್ದವು. ತಮ್ಮದೇ ಕಾರಿಗೆ ತಮ್ಮದೇ ಇಂಜಿನ್ ಹಾಕಿ ಬೇರೆ ಯಾರೋ ದುಡ್ಡು ಮಾಡುತ್ತಿದ್ದಾನೆ! ಕಾಸ್ಟೆಲೊನಿಂದಲೇ ಒಂದು ಮಾದರಿ ಕಾರು ಮಾಡಿಸಿಕೊಂಡರು. ಆಮೇಲೆ 1973ರ ಆಗಸ್ಟಿನಲ್ಲಿ ತಮ್ಮದೇ ಎಂಜಿಬಿ ಜಿಟಿ ವಿ8 ಬಿಡುಗಡೆ ಮಾಡಿದರು. ಕಾರ್ಖಾನೆಯೇ ಮಾರೋಕೆ ನಿಂತ ಮೇಲೆ ಫಾರ್ನ್‌ಬರೋದ ಪುಟ್ಟ ವರ್ಕ್‌ಶಾಪಿಗೆ ಯಾರು ಹೋಗ್ತಾರೆ? ಈ ಭಾಗ ಓದುವಾಗೆಲ್ಲ ನಾನು ಕಾಸ್ಟೆಲೊ ಪರ. ಆದರೆ ಒಂದು ಮಾತು ಒಪ್ಪಬೇಕು: ಆಬಿಂಗ್ಡನ್‌ನವರು ಅವನಿಗಿಂತ ಚೆನ್ನಾಗಿ ಅಳೆದಿದ್ದರು. ಕಾರ್ಬ್ಯುರೇಟರುಗಳನ್ನು ಹಿಂದಕ್ಕೆ, ಗೋಡೆಯ ಹತ್ತಿರಕ್ಕೆ ತಳ್ಳುವ ಹಾಗೆ ಹೊಸ ಮ್ಯಾನಿಫೋಲ್ಡ್ ಎರಕ ಹೊಯ್ದರು. ಉಬ್ಬು ಬೇಡವಾಯಿತು, ಮಾಮೂಲಿ ಬಾನೆಟ್ಟೇ ಮುಚ್ಚಿತು. ಹಿಂದಿನ ಆಕ್ಸಲ್ ಅನುಪಾತ 3.9ರಿಂದ 3.07ಕ್ಕೆ ಇಳಿಯಿತು, ಬ್ರೇಕ್ ಡಿಸ್ಕುಗಳು ದಪ್ಪವಾದವು, ಆಯಿಲ್ ಫಿಲ್ಟರ್ ಇಂಜಿನ್ನಿನಿಂದ ದೂರ ಬೇರೆ ಜಾಗಕ್ಕೆ ಹೋಯಿತು, ರೇಡಿಯೇಟರಿಗೆ ಜೋಡಿ ಎಲೆಕ್ಟ್ರಿಕ್ ಫ್ಯಾನ್ ಬಂತು.

ಬಿಡುಗಡೆಯಾದ ಎರಡೇ ತಿಂಗಳಿಗೆ ಅರಬ್ ದೇಶಗಳು ತೈಲ ನಿಲ್ಲಿಸಿದವು. ವಿ8 ಅಂದರೆ ಜನ ಬೆಚ್ಚುವ ಕಾಲ ಬಂತು. ಮೇಲಾಗಿ ಫೋರ್ಡ್ ಕ್ಯಾಪ್ರಿ 3000 ಇದಕ್ಕಿಂತ ಎಷ್ಟೋ ಅಗ್ಗ. 1976ರಲ್ಲಿ ನಿಲ್ಲಿಸುವ ಹೊತ್ತಿಗೆ ಮಾಡಿದ್ದು 2,591 ಕಾರು. ಅಲ್ಲಿಗೆ ಕಂಪನಿಯ ಅಧ್ಯಾಯ ಮುಗಿದು ಮನೆಯ ಗ್ಯಾರೇಜಿನ ಅಧ್ಯಾಯ ಶುರುವಾಯಿತು. 2,591 ಕಾರು ಎಲ್ಲರಿಗೆ ಸಾಕಾಗಲಿಲ್ಲ. ಮಾಮೂಲಿ ಎಂಜಿಬಿಗಳು ಲಕ್ಷಗಟ್ಟಲೆ ಇದ್ದವು, ಅಪಘಾತದಲ್ಲಿ ಜಜ್ಜಿದ ರೋವರ್‌ಗಳು ಗುಜರಿ ಅಂಗಡಿ ತುಂಬ ಇದ್ದವು.

ನಾನು ಇದನ್ನೆಲ್ಲ ಓದೋಕೆ ಶುರುಮಾಡಿದ್ದಕ್ಕೆ ಕಾರಣ ಒಬ್ಬ ಗೆಳೆಯ. ಮೈಸೂರಿನವನು, ಈಗ ಬರ್ಮಿಂಗ್‌ಹ್ಯಾಮ್‌ನಲ್ಲಿ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ ಇದ್ದಾನೆ. ವಾರವೆಲ್ಲ ಬ್ಯಾಂಕಿನ ಸಾಫ್ಟ್‌ವೇರ್, ಶನಿವಾರ ಭಾನುವಾರ ಗ್ಯಾರೇಜು. ಅವನ ಹತ್ತಿರ ಇರೋದು 1978ರ ಎಂಜಿಬಿ ಜಿಟಿ, ಕಪ್ಪು ರಬ್ಬರ್ ಬಂಪರಿನದು. ಕ್ರೋಮ್ ಬಂಪರಿನ ಹಳೇ ಕಾರುಗಳನ್ನು ಪೂಜೆ ಮಾಡುವ ಮಂದಿ ಈ ರಬ್ಬರ್ ಬಂಪರಿನವನ್ನು ಕಂಡರೆ ಮೂಗು ಮುರಿಯುತ್ತಾರೆ. ಅಮೆರಿಕದ ಸುರಕ್ಷತಾ ನಿಯಮಕ್ಕಾಗಿ 1974ರ ಕೊನೆಯಲ್ಲಿ ಆ ಬಂಪರ್ ಅಂಟಿಸಿ ಕಾರಿನ ಎತ್ತರವನ್ನೂ ಏರಿಸಿ ಅಂದ ಕೆಡಿಸಿದರು ಅನ್ನೋದು ಅವರ ದೂರು. ಹಾಗಾಗಿ ಬೆಲೆ ಕಮ್ಮಿ. ಆದರೆ ವಿ8 ಹಾಕುವವರಿಗೆ ಬೇಕಾದದ್ದು ಇವೇ. ವಿ8 ಕಾರಿಗಾಗಿ ಮಾಡಿದ ಎಷ್ಟೋ ಬದಲಾವಣೆಗಳನ್ನು ಆಬಿಂಗ್ಡನ್‌ನವರು ಆಮೇಲೆ ಎಲ್ಲ ಎಂಜಿಬಿ ಬಾಡಿಗಳಿಗೂ ತಂದುಬಿಟ್ಟರು. ಎರಡು ಥರ ಬಾಡಿ ಮಾಡುವ ಖರ್ಚು ಯಾಕೆ ಅಂತ. ಅಂದರೆ ನಾಲ್ಕು ಸಿಲಿಂಡರ್ ಹೊತ್ತ ಈ ಕಾರಿನ ಹೊಟ್ಟೆಯಲ್ಲಿ ವಿ8ರ ಜಾಗ ಹುಟ್ಟಿನಿಂದಲೇ ಕಾಯುತ್ತಾ ಇದೆ.

"ಇಂಜಿನ್ ಯಾವಾಗ ಇಳಿಸ್ತೀಯೋ?" ಅಂತ ಕೇಳಿದರೆ, "ಮೊದಲು ಬಾನೆಟ್ ಮುಚ್ಚಬೇಕು ಕಣೋ, ಆಮೇಲೆ ಇಂಜಿನ್" ಅಂತಾನೆ.

ಈ ಸಿದ್ಧತೆ ನೋಡೋಕೆ ಏನೂ ರೋಮಾಂಚನ ಇಲ್ಲ. ಹಳೇ ಇಂಜಿನ್ ಇನ್ನೂ ಒಳಗೇ ಇರುವಾಗ ನೂರಾರು ಫೋಟೋ. ಬಿಚ್ಚಿದ ಪ್ರತಿ ಬೋಲ್ಟೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ, ಮೇಲೆ ಮಾರ್ಕರಿನಲ್ಲಿ ಹೆಸರು. ನಮ್ಮಮ್ಮ ಹಪ್ಪಳ ಸಂಡಿಗೆ ಕಟ್ಟಿ ಕಳಿಸುವಾಗ ಬರೀತಿದ್ದ ಹಾಗೆ. ಒಳಗೆ ಏನೂ ಇಲ್ಲದ ಹಳೇ ಖಾಲಿ ವಿ8 ಬ್ಲಾಕ್ ಒಂದನ್ನು ತಂದಿದ್ದಾನೆ. ಇಬ್ಬರು ಸೇರಿದರೆ ಎತ್ತಬಹುದು. ಅದನ್ನು ಇಳಿಸಿ, ಕೂರಿಸಿ, ಮತ್ತೆ ಎತ್ತಿ, ಎಲ್ಲಿ ಏನು ತಗಲುತ್ತೆ ಅಂತ ನೋಡೋದು. ಕಾರ್ಬ್ಯುರೇಟರಿನ ನೆತ್ತಿಗೆ ಮಕ್ಕಳಾಡುವ ಜೇಡಿಯಂಥ ಪ್ಲಾಸ್ಟಿಸೀನ್ ಉಂಡೆ ಅಂಟಿಸಿ, ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ, ತೆಗೆದು, ಉಂಡೆ ಎಷ್ಟು ಚಪ್ಪಟೆಯಾಗಿದೆ ಅಂತ ಅಳೆಯೋದು. ಇಂಜಿನ್ ಓಡುವಾಗ ರಬ್ಬರ್ ಮೌಂಟುಗಳ ಮೇಲೆ ಅಲ್ಲಾಡುತ್ತೆ, ಹಾಗಾಗಿ ಸುಮ್ಮನೆ ತಗಲದಿದ್ದರೆ ಸಾಲದು, ಅಲ್ಲಾಡೋಕೂ ಜಾಗ ಬೇಕು.

ನಿಜವಾದ ಗಂಟು ಇರೋದು ಎಕ್ಸಾಸ್ಟ್ ಮತ್ತು ಸ್ಟೀರಿಂಗ್ ನಡುವೆ. ವಿ ಆಕಾರದ ಇಂಜಿನ್ನಿಗೆ ಎರಡೂ ಪಕ್ಕದಿಂದ ಹೊಗೆ ಕೊಳವೆ ಬರುತ್ತೆ. ಬ್ರಿಟಿಷ್ ಕಾರಿನಲ್ಲಿ ಬಲಗಡೆಯೇ ಸ್ಟೀರಿಂಗ್ ಕಂಬಿಯೂ ಇಳಿಯುತ್ತೆ, ಅಲ್ಲೇ ಅದರ ಯೂನಿವರ್ಸಲ್ ಜಾಯಿಂಟ್. ಕೆಂಪಗೆ ಕಾಯುವ ಕೊಳವೆಗೂ ಅದಕ್ಕೂ ಒಂದು ಬೆರಳಿನಷ್ಟೂ ಜಾಗ ಸಿಕ್ಕಲ್ಲ. ಇಲ್ಲಿ ತಪ್ಪಿದರೆ ಕಾರು ಕೆಟ್ಟು ನಿಲ್ಲೋದಲ್ಲ, ಹೈವೇಯಲ್ಲಿ ಸ್ಟೀರಿಂಗ್ ಹಿಡಿದುಕೊಳ್ಳಬಹುದು. ಕಾರ್ಖಾನೆಯವರು ಈ ಕಂಬಿಯನ್ನೇ ಗಿಡ್ಡ ಮಾಡಿ ಜಾಯಿಂಟ್ ಸರಿಸಿದ್ದರು. ಇನ್ನೊಂದು ಉಪಾಯ ಆಮೇಲೆ ಬಂತು. ಎಂಜಿಬಿ ನಿಂತದ್ದು 1980ರಲ್ಲಿ, ಆಬಿಂಗ್ಡನ್ ಕಾರ್ಖಾನೆಗೂ ಬೀಗ ಬಿತ್ತು. ಆದರೆ ಹಳೇ ಅಚ್ಚುಗಳನ್ನು ಹುಡುಕಿ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು 1988ರಲ್ಲಿ ಹೊಸ ಎಂಜಿಬಿ ಬಾಡಿಗಳನ್ನೇ ಮಾಡೋಕೆ ಶುರುಮಾಡಿದರು. ಅದೇ ಬಾಡಿಯ ಆಧಾರದ ಮೇಲೆ ರೋವರ್ ಕಂಪನಿ 1992ರಲ್ಲಿ ಆರ್‌ವಿ8 ಅಂತ ಒಂದು ಕಾರು ತಂದಿತು. ಅದರಲ್ಲಿ ಎಕ್ಸಾಸ್ಟ್ ಕೊಳವೆಗಳು ಕೆಳಕ್ಕೆ ಇಳಿಯದೆ ಒಳಗಿನ ತಗಡಿನಲ್ಲಿ ಕೊರೆದ ತೂತಿನಿಂದ ಚಕ್ರದ ಕಡೆಗೆ ಹೊರಟುಬಿಡುತ್ತವೆ. ಸ್ಟೀರಿಂಗಿನ ಗೊಡವೆಯೇ ಇಲ್ಲ. ಬಿಸಿಯೂ ಹೊರಗೆ. ಕಾರ್ಖಾನೆ ಒಂದು ಕಾಲಕ್ಕೆ ಗ್ಯಾರೇಜಿನಿಂದ ಕಲಿತಿತ್ತು. ಈಗ ಮನೆಯಲ್ಲಿ ಇಂಜಿನ್ ಬದಲಾಯಿಸುವವರು ಈ ಆರ್‌ವಿ8 ದಾರಿಯನ್ನು ಹಿಡಿದಿದ್ದಾರೆ.

ಗೆಳೆಯ ತಿಂಗಳಿಂದ ಸಿಕ್ಕಿಹಾಕಿಕೊಂಡಿರೋದು ಇಲ್ಲೇ. ತೂತು ಕೊರೆಯೋದಾ ಬೇಡವಾ? ಇಂಜಿನ್ ಹಾಕಿದ್ದನ್ನು ನಾಳೆ ತೆಗೆದು ಹಳೆಯದನ್ನು ವಾಪಸ್ ಕೂರಿಸಬಹುದು. ತಗಡು ಕತ್ತರಿಸಿದರೆ ಮೊದಲಿನಂತೆ ಆಗೋದು ಕಷ್ಟ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಆ ತಗಡೇ ಅದರ ಅಸ್ಥಿಪಂಜರ. ಬ್ರಿಟನ್ನಿನ ವಾಹನ ನೋಂದಣಿ ಕಚೇರಿ ಡಿವಿಎಲ್‌ಎ ಬಹಳ ವರ್ಷ ಬಳಸಿದ ಲೆಕ್ಕ ಒಂದಿತ್ತು: ತೀರಾ ಬದಲಾಯಿಸಿದ ಕಾರು ತನ್ನ ಹಳೇ ನಂಬರನ್ನು ಉಳಿಸಿಕೊಳ್ಳೋಕೆ ಎಂಟು ಅಂಕ ಬೇಕಿತ್ತು. ಮೂಲ ಚಾಸಿಗೋ ಬಾಡಿಗೋ 5, ಆಕ್ಸಲ್‌ಗಳಿಗೆ 2, ಸಸ್ಪೆನ್ಷನ್ನಿಗೆ 2, ಸ್ಟೀರಿಂಗಿಗೆ 2, ಗೇರ್‌ಬಾಕ್ಸಿಗೆ 2. ಇಂಜಿನ್ನಿಗೆ? ಬರೀ 1. ನಾವು ಕಾರಿನ ಹೃದಯ ಅಂತೆಲ್ಲ ಕವಿತೆ ಕಟ್ಟುವ ವಸ್ತುವಿಗೆ ಸರ್ಕಾರ ಕೊಟ್ಟ ಬೆಲೆ ಒಂದು ಅಂಕ! ನಮ್ಮ ಊರಲ್ಲಾದರೆ ಆರ್‌ಸಿಯಲ್ಲೇ ಇಂಜಿನ್ ನಂಬರ್ ಅಚ್ಚಾಗಿರುತ್ತೆ, ಆರ್‌ಟಿಒ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಇಲ್ಲಿ ಇಂಜಿನ್ ಬದಲಾಯಿಸಿದರೆ ಫಾರಂ ತುಂಬಿ ತಿಳಿಸಿದರೆ ಆಯಿತು, ತಗಡಿಗೆ ಕೈ ಹಾಕಿದಾಗ ಮಾತ್ರ ಎರಡು ಸಲ ಯೋಚಿಸಬೇಕು.

ಕಳೆದ ಭಾನುವಾರ ರಟ್ಟಿನ ಡಬ್ಬ ಕತ್ತರಿಸಿ ಎರಡೂ ಬಗೆಯ ಎಕ್ಸಾಸ್ಟಿನ ಮಾದರಿ ಮಾಡಿದೆವು. ಗಿಡ್ಡ ಕಂಬಿಯ ಲೆಕ್ಕದಲ್ಲಿ ಜಾಯಿಂಟಿಗೂ ಕೊಳವೆಗೂ ನಡುವೆ ಸಿಕ್ಕಿದ್ದು 11 ಮಿಲಿಮೀಟರ್. ಅವನು ಅದನ್ನು ಗೋಡೆ ಮೇಲೆ ಚಾಕ್‌ಪೀಸಿನಲ್ಲಿ ಬರೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಹಳೇ ಬಿ ಸೀರೀಸ್ ಇಂಜಿನ್ ಮೂಲೆಯಲ್ಲಿ ಎಣ್ಣೆ ಬಳಿದು, ಹಳೇ ರಗ್ಗು ಹೊದೆಸಿ ಮಲಗಿದೆ. ಯಾರೋ ಕೊಳ್ಳೋಕೆ ಕೇಳಿದರಂತೆ, ಇವನು ಕೊಟ್ಟಿಲ್ಲ. ಈ ಶನಿವಾರ ವೆಲ್ಡಿಂಗ್ ಮಾಡುವವನು ಬಂದು ತಗಡು ನೋಡಿ ಹೋಗ್ತಾನೆ.